ಏಳು ಗಂಟೆಯವರು

…ಇಲ್ಲ ಇಲ್ಲ, ಸರಿಯಾದ ಮನೆಗೇ ಬಂದಿದ್ದೀರಿ! ಚೀಟಿ ಮತ್ತೆ ಯಾಕೆ ತೆಗೀತೀರಿ? ಬನ್ನಿ ಒಳಗೆ. ಬ್ಯಾಗ್ ಇಲ್ಲಿ ಕೊಡಿ… ಅಬ್ಬಾ, ಏನಿದೆ ಇದರಲ್ಲಿ, ಕಲ್ಲಾ? ಬೀದಿಯಿಂದ ಮಾಳಿಗೆ ಮೇಲಿನ ರೇಡಿಯೋ ತಂತಿ ಕಾಣಿಸ್ತಾ? ಕಾಣಿಸ್ತಲ್ಲ! ಈ ಬೀದಿಯಲ್ಲಿ ಯಾರನ್ನ ಕೇಳಿದ್ರೂ "ತಂತಿ ಮನೆ" ಅಂತ ತೋರಿಸ್ತಾರೆ. ಪೋಸ್ಟಿನವನು ನಂಬರ್ ನೋಡೋದೇ ಇಲ್ಲ, ತಲೆ ಎತ್ತಿ ನೋಡ್ತಾನೆ.

ಕೂತ್ಕೊಳ್ಳಿ. ಇರಿ, ಈ ಬಟ್ಟೆ ಎತ್ತಿಡ್ತೀನಿ. ಸೂಜಿ ಇರುತ್ತೆ, ಜೋಪಾನ. ಎಲ್ಲ ಶಾಲೆ ಮಕ್ಕಳ ಯೂನಿಫಾರ್ಮು. ಹೊಲಿಗೆ ನನ್ನ ಕೆಲಸ ಅಂತ ನಮ್ಮೆಜಮಾನರು ಹೇಳಿರ್ತಾರಲ್ಲ… ಹೇಳಿದ್ದಾರೆ, ನನಗೆ ಗೊತ್ತು.

ಅವರಾ? ಅವರು… ಹೊರಗೆ ಹೋಗಿದ್ದಾರೆ. ಮೊಣಕಾಲು ತೋರಿಸೋಕೆ. ಬಂದುಬಿಡ್ತಾರೆ.

ಏನು? ಯಾಕೆ ಹಾಗೆ ನೋಡ್ತೀರಿ? ನಾನು ನೋಡ್ತಿರೋದಕ್ಕಾ? ತಪ್ಪು ತಿಳ್ಕೋಬೇಡಿ ಅಣ್ಣಾ. ಇಪ್ಪತ್ತೆರಡು ವರ್ಷ ಈ ಮನೆಗೆ ದಿನಾ ಬೆಳಿಗ್ಗೆ ಏಳಕ್ಕೆ ಬರ್ತಿದ್ದೀರಿ, ಮುಖ ನೋಡ್ತಿರೋದು ಇವತ್ತೇ. ನಾನು ನಿಮ್ಮನ್ನ ಎತ್ತರದ ಆಸಾಮಿ ಅಂದ್ಕೊಂಡಿದ್ದೆ. ಮೀಸೆ ಬೇರೆ ಇಟ್ಟಿದ್ದೆ ನಿಮಗೆ! ಹ್ಞಾಂ, ನಗಿ, ನಗಿ. ಇಲ್ಲಿ ನಿಮಗೆ ಹೆಸರೇ ಇಲ್ಲ, ಗೊತ್ತಾ? "ಏಳು ಗಂಟೆಯವರು." ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ಮನೆಯವರ ಹೆಸರು ಬರೆಸಿದ್ರೆ, ಅಪ್ಪ, ಅಮ್ಮ, ಏಳು ಗಂಟೆ ಮಾವ ಅಂತ ಬರೆದಿದ್ದಳು. ಟೀಚರ್ ನನ್ನ ಕರೆಸಿ, "ಇವರ್ಯಾರು ತಾಯೀ?" ಅಂದ್ರು. ಏನಂತ ಹೇಳೋದು? ರೇಡಿಯೋದಲ್ಲಿ ಬರ್ತಾರೆ ಅಂದ್ರೆ, ಹಾಡ್ತಾರಾ ಅಂದ್ರು. ಹಾಡಲ್ಲ, ನಮ್ಮೆಜಮಾನರ ಜೊತೆ ಮಾತಾಡ್ತಾರೆ, ಅದೂ ಬಾಯಲ್ಲಿ ಅಲ್ಲ, ಬೆರಳಲ್ಲಿ ಅಂದೆ. ಅವತ್ತಿಂದ ಆ ಟೀಚರು ನನ್ನ ಕಂಡ್ರೆ ಬೇರೆ ದಾರಿ ಹಿಡೀತಿದ್ರು.

ಕಾಫಿ ಕುಡೀರಿ, ಆರಿಹೋಗುತ್ತೆ. ಸಕ್ಕರೆ ಅರ್ಧ ಚಮಚ. ಸರಿ ತಾನೇ? ನಿಮ್ಮ ಸಕ್ಕರೆ, ನಿಮ್ಮ ಬಿಪಿ, ನಿಮ್ಮ ಸೊಸೆ ಬೇಳೆಗೆ ಉಪ್ಪು ಹಾಕೋಕೆ ಮರೆಯೋದು, ಎಲ್ಲಾ ಗೊತ್ತು ಈ ಮನೆಗೆ.

ಹೌದು, ಅದೇ ಅವರ ರೇಡಿಯೋ ಸೆಟ್ಟು. ಹೊದಿಕೆ ನಾನೇ ಹೊಲಿದದ್ದು. ಆ ಪಕ್ಕದಲ್ಲಿರೋದು ನನ್ನ ಮಿಶನ್ನು. ಎರಡಕ್ಕೂ ಹುಟ್ಟಾ ಹಗೆತನ! ನನ್ನ ಮೋಟರು ತಿರುಗಿದ್ರೆ ಅವರ ಕಿವಿಯೊಳಗೆ ಕಡಜ ಹೊಕ್ಕ ಹಾಗೆ. "ಲೇ, ನಿಲ್ಸೇ! ಏಳು ಗಂಟೆಯವರು ಬಂದ್ರು!" ಡಿಪೋದಲ್ಲಿ ಬಸ್ಸುಗಳ ವೈರಿಂಗ್ ಮಾಡಿ ಮಾಡಿ ಗಂಟಲು ದೊಡ್ಡದು, ಮನೆಯಲ್ಲೂ ಅದೇ ಗಂಟಲು. ನಾನೇನು ಮಾಡ್ಲಿ? ಮಿಶನ್ ನಿಲ್ಲಿಸೋದು, ಕಾಜಾ ಹೊಲಿಯೋದು, ಗುಂಡಿ ಹಚ್ಚೋದು, ಕೈಹೊಲಿಗೆಯೆಲ್ಲ ಆ ಅರ್ಧ ಗಂಟೆಗೆ ಅಂತ ಎತ್ತಿಟ್ಕೊಂಡು ಪಕ್ಕದಲ್ಲೇ ಕೂರೋದು. ಹಾಗೆ ಕೂತು ಕೂತು… ನಿಮ್ಮ ಮೋರ್ಸ್ ಭಾಷೆ ಕಿವಿಗೆ ಬಂದುಬಿಡ್ತು. ಕಲಿಯಬೇಕು ಅಂತ ಕಲಿತದ್ದಲ್ಲ ಅಣ್ಣಾ, ಆಣೆ ಮಾಡಿ ಹೇಳ್ತೀನಿ! ಒಂದು ದಿನ ನಾನು ಅಡುಗೆಮನೆಯಲ್ಲಿದ್ದೆ, ಇವರು ಬರೆದುಕೊಳ್ಳೋದು ತಪ್ಪಿಹೋಗಿ "ಏನಂದ್ರು, ಏನಂದ್ರು" ಅಂತ ಗೊಣಗ್ತಿದ್ರು. ನಾನು ಅಲ್ಲಿಂದಲೇ, "ಎಡಗಡೆ ದವಡೆ ಹಲ್ಲು ಕೀಳಿಸಿದ್ರಂತೆ ಕಣ್ರೀ" ಅಂದೆ. ಎದ್ದು ಬಂದ್ರು ನೋಡಿ, ಬಾಗಿಲಲ್ಲಿ ನಿಂತ್ರು, ಹೊಸದಾಗಿ ನೋಡೋ ಹಾಗೆ ನೋಡಿದ್ರು ನನ್ನ. ಮದುವೆ ಆಗಿ ಒಂಬತ್ತು ವರ್ಷಕ್ಕೆ!

ಆಮೇಲೆ ಮೋರ್ಸ್ ಕೀ ಕುಟ್ಟೋದೂ ಅವರೇ ಹೇಳಿಕೊಟ್ರು. ಕೀ ಅಂದ್ರೆ ಸೆಟ್ಟಿನ ಕೀ ಅಲ್ಲ, ಊಟದ ಮೇಜಿನ ಮೇಲೆ, ಬೆರಳಲ್ಲಿ. ನಮ್ಮ ಜಗಳಗಳೆಲ್ಲ ಹಾಗೇ, ಮಗಳಿಗೆ ಕೇಳಿಸಬಾರದು ಅಂತ. ಡಿಟ್ ಡಾ ಡಿಟ್. ಒಂದು ದಿನ ಅವಳು ತಟ್ಟೆಯಿಂದ ತಲೆ ಎತ್ತದೆ, "ಅಪ್ಪಾ, ಅಮ್ಮ ನಿನಗೆ ಕತ್ತೆ ಅಂದ್ಲು" ಅಂದ್ಲು… ಅಯ್ಯೋ ಆ ದಿನ! ಅನ್ನ ನೆತ್ತಿಗೆ ಹತ್ತಿಹೋಯ್ತು ಅವರಿಗೆ, ನಗ್ತಾ ನಗ್ತಾ.

ಪರೀಕ್ಷೆಗೂ ಫಾರ್ಮು ತುಂಬಿಸಿದ್ರು ನನ್ನ ಕೈಲಿ. ಹ್ಯಾಮ್ ರೇಡಿಯೋ ಲೈಸೆನ್ಸಿಗೆ. ಆ ದಿನವೇ ಮಗಳಿಗೆ ಜ್ವರ ಬಂತು, ಹೋಗೋಕಾಗ್ಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಅಂತ… ಹಾಗೇ ಹೋಯ್ತು.

ನಿಮಗೆ ಬಸ್ಸಿನಲ್ಲಿ ಜಾಗ ಸಿಕ್ತಾ? ನಿಂತು ಬಂದ್ರಾ? ಕಾಲು ನೀಡಿ ಕೂತ್ಕೊಳ್ಳಿ, ಸಂಕೋಚ ಬೇಡ. ಮಗಳು ಬಂದ ಮೇಲೆ ಊಟ ಮಾಡೋಣ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡೋ ಕಡೆ ಕೆಲಸ ಅವಳಿಗೆ. ಬೆಳಿಗ್ಗೆ ಆರೂವರೆಗೆ ಹೊರಟುಬಿಡ್ತಾಳೆ, ಮೂರಕ್ಕೆ ಮನೆ. ಇನ್ನೇನು ಬರ್ತಾಳೆ. ಅವಳು ಬಂದಾಗ… ಅಣ್ಣಾ, ಅವಳು ಬಂದಾಗ ಆ ಬೆಳಗಿನ ಮಾತು, ಏಳು ಗಂಟೆ ಅದೂ ಇದೂ ಜಾಸ್ತಿ ಎತ್ತೋದು ಬೇಡ. ಆಯ್ತಾ? ಅವಳಿಗೆ… ಅಷ್ಟು ಇಷ್ಟ ಆಗಲ್ಲ ಈಗ. ದೊಡ್ಡವಳಾದಳಲ್ಲ.

ಅವರಾ? ಬರ್ತಾರೆ, ಬರ್ತಾರೆ. ತರಕಾರಿ ಅಂಗಡಿಯಲ್ಲಿ ನಿಂತ್ರೆ ಮುಗೀತು, ಬದನೆಕಾಯಿ ಒಂದೊಂದೂ ತಿರುಗಿಸಿ ತಿರುಗಿಸಿ… ಓ, ಆಗ ಡಾಕ್ಟರ ಹತ್ತಿರ ಅಂದೆನಾ? ಹೌದು, ಡಾಕ್ಟರ ಹತ್ತಿರ. ಹಾಗೇ ಬರ್ತಾ ತರಕಾರಿ.

ಅಲ್ಲ… ನೀವು ಕೇಳಲಿಲ್ಲ.

ಈಗ ನಾನೇ "ಅವರಾ?" ಅಂದೆ. ನೀವು ಬಾಯೇ ಬಿಡಲಿಲ್ಲ. ಬಂದಾಗಲೂ ಅಷ್ಟೇ. ಅರ್ಧ ಗಂಟೆಯಾಯ್ತು ನೀವು ಬಂದು. ಗೆಳೆಯನ ಮುಖ ನೋಡೋಕೆ ಇಪ್ಪತ್ತೆರಡು ವರ್ಷದ ಮೇಲೆ ಬಂದವರು, ಎಲ್ಲಿ, ಯಾವಾಗ ಬರ್ತಾನೆ ಅಂತ ಒಂದು ಸಲ, ಒಂದೇ ಒಂದು ಸಲ… ಯಾಕೆ ಕೇಳ್ತಿಲ್ಲ ನೀವು?

ಯಾಕೆ ಬ್ಯಾಗ್ ತೆಗೀತಿದ್ದೀರಿ? ಹೊರಟ್ರಾ? ಕೂತ್ಕೊಳ್ಳಿ, ಊಟ… ಏನಿದು? ನಿಮ್ಮ ಪುಸ್ತಕ. ಅವರೂ ಇಂಥದ್ದೇ ಇಟ್ಟಿದ್ರು, ಯಾರ ಜೊತೆ ಮಾತಾಡಿದ್ದು, ಎಷ್ಟು ಹೊತ್ತಿಗೆ ಅಂತ ದಿನಾ ಬರೆಯೋದು. ನನಗ್ಯಾಕೆ ತೋರಿಸ್ತೀರಿ? ಕನ್ನಡಕ ಎಲ್ಲಿಟ್ಟೆನೋ… ಹ್ಞಾಂ. ಎಲ್ಲಿ? ಈ ಸಾಲಾ? ತಾರೀಕು…

…

"ಬೇರೆ ಕೈ."

ಕೆಳಗಿನದೂ ಅದೇ. ಅದರ ಕೆಳಗಿನದೂ… ಬೇರೆ ಕೈ, ಬೇರೆ ಕೈ… ಪುಟ ತಿರುಗಿಸಬೇಡಿ, ಸಾಕು.

ಮೊದಲನೇ ದಿನವೇ ಗೊತ್ತಾಗಿತ್ತಾ, ಕುಟ್ಟೋದು ಅವರ ಕೈ ಅಲ್ಲ ಅಂತ?

ಅವರ ಹಾಗೇ ಎಳೀತಿದ್ದೆನಲ್ಲ ಅಣ್ಣಾ! ಆ ಉದ್ದ ಡಾ ಅನ್ನೋದನ್ನ ಅವರು ಎಷ್ಟು ಎಳೀತಿದ್ರು, ನಿದ್ದೆಯಿಂದ ಎದ್ದವರ ಹಾಗೆ! ನಾನೂ ಹಾಗೇ ಎಳೆದೆ, ಬೇಕು ಬೇಕು ಅಂತ ತಡಮಾಡಿದೆ. ನನ್ನ ಕೈ ಚುರುಕು, ಹೊಲಿಗೆಯವಳ ಕೈ. ಕಟ್ಟಿ ಹಾಕಿದ ಹಾಗೆ ಇಟ್ಟುಕೊಂಡಿದ್ದೆ ಅದನ್ನ. ಏಳು ತಿಂಗಳು! ನೀವು ಮೊಣಕಾಲು ಹೇಗಿದೆ ಅಂತ ಕೇಳ್ತಿದ್ರಿ, ನಾನು ಪರವಾಗಿಲ್ಲ ಅಂತಿದ್ದೆ. ಎಣ್ಣೆ ಹಚ್ಚು ಅಂತಿದ್ರಿ. ಹಚ್ತಾ ಇದ್ದೀನಿ ಅಂತಿದ್ದೆ… ಯಾರ ಮೊಣಕಾಲಿಗೆ? ಹ್ಞಾಂ? ಗೊತ್ತಿದ್ದೂ ಯಾಕೆ ಕೇಳ್ತಿದ್ರಿ ನೀವು?

ಹೌದು. ಇಲ್ಲ ಅವರು. ಏಳು ತಿಂಗಳಾಯ್ತು. ಸಾಕಾ? ಹೇಳಿದೆನಲ್ಲ.

ಹೇಳಬೇಕು ಅಂತ ದಿನಾ ಕೂರ್ತಿದ್ದೆ. ನಿಜವಾಗ್ಲೂ. ಇವತ್ತು ಹೇಳಿ ಮುಗಿಸಿಬಿಡ್ತೀನಿ ಅಂತ ಹೊದಿಕೆ ತೆಗೀತಿದ್ದೆ. ನೀವು ಕರೀತಿದ್ರಿ, ಅವರ ಗುರುತಿನ ಅಕ್ಷರ ಕುಟ್ಟಿ ಕರೀತಿದ್ರಿ. ದಿನಕ್ಕೆ ಅರ್ಧ ಗಂಟೆ, ಅವರು ಇದ್ದಾರೆ ಅಂತ ಪ್ರಪಂಚದಲ್ಲಿ ಒಬ್ಬರು ನಂಬಿದ್ರು. ಅದನ್ನ ನಾನೇ ಹೇಗೆ… ಕೈ ಬರ್ಲಿಲ್ಲ. ಸೋಮವಾರ "ಗುರುವಾರ ಬರ್ತೀನಿ" ಅಂದ್ರಿ. ಬೇಡ ಅನ್ನಬಹುದಿತ್ತು, ಊರಲ್ಲಿರಲ್ಲ ಅನ್ನಬಹುದಿತ್ತು. "ಬನ್ನಿ" ಅಂತ ಕುಟ್ಟಿಬಿಡ್ತು ಕೈ. ಮೂರು ದಿನ ನಿದ್ದೆ ಇಲ್ಲ ನನಗೆ. ಲೈಸೆನ್ಸ್ ಇಲ್ಲದವಳು, ಇಲ್ಲದವರ ಹೆಸರಲ್ಲಿ… ಯಾರಿಗಾದ್ರೂ ಗೊತ್ತಾದ್ರೆ ಸೆಟ್ ಎತ್ತಿಕೊಂಡು ಹೋಗ್ತಾರೆ, ಗೊತ್ತು. ಹೋಗ್ಲಿ ಬಿಡಿ. ಇನ್ನು ಮುಟ್ಟಲ್ಲ.

ಆಯ್ತಲ್ಲ, ಪುಸ್ತಕ ಮುಚ್ಚಿ. ಇನ್ನೂ ಯಾಕೆ ಬೆರಳು ಅಲ್ಲೇ ಇಟ್ಟಿದ್ದೀರಿ?

ತಾರೀಕು ಗೊತ್ತಿದೆ ನನಗೆ. ಗಂಟೆಯಾ? ಏಳು… ಏಳು ನಾಲ್ಕಕ್ಕೆ ಶುರು. ಏಳು ಹದಿನೈದಕ್ಕೆ ಮುಗೀತು. ನಾನೇನು ಮಾಡ್ಲಿ ಅದಕ್ಕೆ? ಗಡಿಯಾರ ನೋಡಿ ಬರೆದಿದ್ದೀರಿ, ಸರಿಯಾಗೇ ಇರುತ್ತೆ.

ಹಾಗೆ ನೋಡಬೇಡಿ.

ಅವರು ಅವತ್ತೇ ಹೋದದ್ದು. ಹೌದು. ಅದೇ ಬೆಳಿಗ್ಗೆ. ನಾನು ಅಡುಗೆಮನೆಯಲ್ಲಿದ್ದೆ. ಏಳೂಕಾಲಿಗೆ ಆಚೆ ಬಂದೆ, ನೋಡ್ತೀನಿ, ಹೀಗೆ ತಲೆ ಬಗ್ಗಿಸಿ… ಹಾಗಂತಲೇ ಮಗಳಿಗೆ ಹೇಳಿದ್ದು. ಡಾಕ್ಟರಿಗೂ ಹೇಳಿದ್ದು. ಏಳೂಕಾಲು. "ಸ್ವಲ್ಪ ಮುಂಚೆ ಗೊತ್ತಾಗಿದ್ರೆ ನೋಡಬಹುದಿತ್ತೇನೋ" ಅಂದ್ರು ಡಾಕ್ಟರು. ಮಗಳು ನನ್ನ ತಬ್ಬಿಕೊಂಡು, "ನಿನಗೆ ಹೇಗಮ್ಮಾ ಗೊತ್ತಾಗಬೇಕು, ಒಲೆ ಮುಂದೆ ಇದ್ದೆ ನೀನು" ಅಂದ್ಲು.

ಮತ್ತೆ ಏಳು ನಾಲ್ಕಕ್ಕೆ ಕುಟ್ಟಿದ್ದು ಯಾರು, ಅಂತೀರಾ? ಬಾಯಿ ಬಿಟ್ಟು ಕೇಳಿ. ಕೇಳಲ್ಲ ನೀವು. ಸುಮ್ಮನೆ ಕೂತ್ಕೊಂಡು ನನ್ನ ಬಾಯಲ್ಲೇ…

ಕಾಫಿ ತಂದೆ. ಅವರು ಸೆಟ್ ಹಾಕಿಕೊಂಡು ಕೂತಿದ್ರು, ಕೈ ಕೀ ಮೇಲೇ ಇತ್ತು. ತಲೆ ಎದೆ ಮೇಲೆ ಬಿದ್ದಿತ್ತು. "ಏನ್ರೀ" ಅಂದೆ. "ಏನ್ರೀ, ಕಾಫಿ." ನೀವು ಕರೀತಿದ್ರಿ. ಒಂದು ಸಲ ಕರೆದ್ರಿ, ನಿಲ್ಲಿಸಿದ್ರಿ. ಮತ್ತೆ ಕರೆದ್ರಿ. ಮೂರನೇ ಸಲ. ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಕರೆ ಎರಡನೇ ಸಲಕ್ಕೆ ಹೋದದ್ದಿಲ್ಲ ಈ ಮನೆಯಲ್ಲಿ! ನನಗೆ… ಏನೋ ಆಗ್ತಿದೆ, ಉತ್ತರ ಕೊಟ್ಟುಬಿಟ್ರೆ ಆಗಲ್ಲ ಅನ್ನಿಸ್ತು. ಉತ್ತರ ಹೋದ್ರೆ ಇವತ್ತೂ ನಿನ್ನೆ ಹಾಗೇ. ಅಷ್ಟೇ ಅನ್ನಿಸಿದ್ದು, ಇನ್ನೇನೂ ಇಲ್ಲ. ಅವರ ಬೆರಳು ಮೆಲ್ಲಗೆ ಸರಿಸಿದೆ. ಬೆಚ್ಚಗಿತ್ತು…

ಬೆಚ್ಚಗಿತ್ತು ಅಣ್ಣಾ.

"ಇಲ್ಲಿ ಎಲ್ಲ ಚೆನ್ನಾಗಿದೆ" ಅಂತ ಕುಟ್ಟಿದೆ. ನೀವು ಕಣ್ಣಿನ ಆಪರೇಷನ್ ವಿಷಯ ತೆಗೆದ್ರಿ. ಯಾವ ಕಣ್ಣು ಅಂತ ಕೇಳಿದೆ. ನಿಂತುಕೊಂಡೇ, ಅವರ ಭುಜದ ಮೇಲಿಂದ ಬಗ್ಗಿ. ನನ್ನ ಸೆರಗು ಅವರ ಕೆನ್ನೆಗೆ ತಾಗ್ತಿತ್ತು. ಮೂಗಿನ ಹತ್ತಿರ ಕೈ ಇಟ್ಟು ನೋಡಬಹುದಿತ್ತು, ಎಷ್ಟು ಹೊತ್ತಿನ ಕೆಲಸ? ಪಕ್ಕದ ಮನೆಯವರನ್ನ ಕೂಗಬಹುದಿತ್ತು. ಹನ್ನೊಂದು ನಿಮಿಷ. ಉಸಿರಿತ್ತೋ, ಇರಲಿಲ್ಲವೋ… ನೋಡಲಿಲ್ಲ ನಾನು. ನೋಡಿದ್ರೆ ಗೊತ್ತಾಗಿಬಿಡ್ತಿತ್ತು.

ಬೈಯಿರಿ. ಏನಾದ್ರೂ ಅನ್ನಿ. ದಿನಾ ಅಷ್ಟು ಮಾತಾಡ್ತಿದ್ರಲ್ಲ!

ಯಾಕೆ… ನೀವ್ಯಾಕೆ ಅಳ್ತಿದ್ದೀರಿ?

ಬೇರೆ ಕೈ ಅಂತ ಬರೆದ್ರಿ. ಬರೆದುಕೊಂಡು, ಯಾರಮ್ಮಾ ನೀನು, ಅವನೆಲ್ಲಿ ಅಂತ ಕೇಳಲಿಲ್ಲ ಅವತ್ತು. ಕಣ್ಣಿನ ವಿಷಯ ಹೇಳ್ತಾ ಹೋದ್ರಿ… ಅದಕ್ಕಾ ಬಂದದ್ದು ನೀವು? ಏಳು ತಿಂಗಳು ಈ ಸಾಲು ನೋಡ್ಕೊಂಡು ಕೂತಿದ್ರಾ ನೀವೂ?

ಶ್… ಗೇಟು. ಅವಳೇ. ಚಪ್ಪಲಿ ಬಿಡ್ತಿದ್ದಾಳೆ. ಕಣ್ಣೊರೆಸಿಕೊಳ್ಳಿ. ಪುಸ್ತಕ ಒಳಗಿಡಿ… ಬೇಡ, ಇರ್ಲಿ… ಅಯ್ಯೋ, ನನಗೇನೂ ತೋಚ್ತಿಲ್ಲ ಅಣ್ಣಾ. ಆ ಹನ್ನೊಂದು ನಿಮಿಷದ್ದು ನೀವೇ ಹೇಳಿಬಿಡಿ ಅವಳಿಗೆ. ನನ್ನ ಬಾಯಲ್ಲಿ ಬರಲ್ಲ. ನೀವು ಹೇಳಿದ್ರೆ… ಹೇಳ್ತೀರಾ?

ಹೇಳಲ್ಲ. ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ, ಸಾಯೋವರೆಗೂ ಯಾರಿಗೂ ಹೇಳಲ್ಲ ನೀವು.

ಹಾಗಾದ್ರೆ ನಾನೇ ಹೇಳಬೇಕು.