ಅಪ್ಪುಗೆ ಒಂದು

ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡವರು ಅರ್ಧ ಗಂಟೆ ಕಣ್ಣು ಮುಚ್ಚಿ ಕೂತಿರಬೇಕು. ಹಾಗೆ ಕೂತಿದ್ದ ಮೇಷ್ಟ್ರಿಗೆ, ಚರ್ಚಿನ ಮಾಸಪತ್ರಿಕೆಗೆ ಅವರೇ ಬರೆದ ಚಿತ್ರವಿಮರ್ಶೆಯನ್ನು ಹೆಂಡತಿ ಓದಿ ಹೇಳುತ್ತಿದ್ದರು. ಸಿನಿಮಾ ಮಾತೆಂದರೆ ಪ್ರಾಣ ಬಿಡುವ ನರ್ಸು ಸೀಸೆ ಜೋಡಿಸುವ ನೆಪದಲ್ಲಿ ಅಲ್ಲೇ ನಿಂತಳು.

“‘ಬೈಗುಳ ಹನ್ನೊಂದು, ಕುಡಿತ ನಾಲ್ಕು, ಅಪ್ಪುಗೆ ಒಂದು. ವಿಶ್ವಾಸಿಗಳು ನೋಡತಕ್ಕದ್ದಲ್ಲ.’ ಇಷ್ಟೇನಾ ರೀ?”

“ಇಪ್ಪತ್ತು ವರ್ಷದಿಂದ ಇಷ್ಟೇ ಅಲ್ವೇನೇ? ಕತ್ತಲಲ್ಲಿ ತಲೆ ಬಗ್ಗಿಸಿ ತಪ್ಪಿಗೊಂದು ಗೀಟು ಹಾಕ್ಕೊಂಡು ಬರೋದು.”

“ನಮ್ಮ ಮಗಳು ಬರೆದಿರೋ ಕಥೆ ರೀ.”

“ಮಗಳದ್ದು ಅಂತ ಗೀಟು ಕಮ್ಮಿ ಹಾಕಕ್ಕಾಗುತ್ತಾ? ಮನೆ ಬಿಟ್ಟು ಸಿನಿಮಾಕ್ಕೆ ಹೋದಾಗ್ಲೇ ಜನರೆದುರು ತಲೆ ಎತ್ತೋ ಹಾಗಿರ್ಲಿಲ್ಲ.”

“ಈ ಅಪ್ಪುಗೆ ಯಾರದ್ದು?”

“ಕೊನೇಲಿ ಒಬ್ಬಳು ಹುಡುಗಿ, ಯಾವನೋ ಗಂಡಸು. ಮುಖ ಯಾರು ನೋಡಿದ್ರು?”

“ಅವಳಪ್ಪ ರೀ ಅದು. ಮನೆ ಬಿಟ್ಟು ಹೋಗಿದ್ದ ಮಗಳು ವಾಪಸ್ ಬರ್ತಾಳೆ. ಅಪ್ಪ ಓಡಿಬಂದು ತಬ್ಕೋತಾನೆ. ಭಾನುವಾರದ ಶಾಲೇಲಿ ನೀವೇ ಮಕ್ಕಳಿಗೆ ಹೇಳ್ತಿದ್ದ, ಬೈಬಲ್ಲಿನ ತಪ್ಪಿಹೋದ ಮಗನ ಕಥೇನೇ.”

ನರ್ಸಿನ ಕೈಯಲ್ಲಿ ಸೀಸೆ ಹಾಗೇ ಉಳಿಯಿತು. ಮೇಷ್ಟ್ರು ಪತ್ರಿಕೆಗಾಗಿ ಕೈ ಚಾಚಿದರು.

“ಪತ್ರಿಕೆ ಅವಳಿಗೂ ಹೋಗುತ್ತಾ?”

“ಮೊನ್ನೇನೇ ನಾನೇ ಕಳಿಸಿದೆ. ಅಪ್ಪ ಏನು ಬರೀತಾರೋ ಅಂತ ಕಾಯ್ತಾ ಇದ್ಲು. ಓದದೇ ಕಳಿಸ್ಬಿಟ್ಟೆ.”

ಒಳಗಿನಿಂದ ಡಾಕ್ಟರು ಕರೆದರು. ಮೇಷ್ಟ್ರು ಮುಚ್ಚಿದ ಕಣ್ಣಲ್ಲೇ ಎದ್ದು, ಹೆಂಡತಿಯ ಹೆಗಲನ್ನು ತಡಕಿ ಹಿಡಿದುಕೊಂಡರು.

“ಅಪ್ಪ ತಬ್ಕೊಂಡಿದ್ದಕ್ಕೆ ಗೀಟು ಹಾಕಬಾರ್ದಿತ್ತು. ಮುಂದಿನ ತಿಂಗಳು ತಿದ್ದುಪಡಿ ಹಾಕಿಸ್ತೀನಿ ಬಿಡೇ.”

“ಏನಂತ?”

“ಅಪ್ಪುಗೆ ಸೊನ್ನೆ, ಅಂತ.”