ಸಾರ್ಜೆಂಟ್ ಬೆನ್ನು ಬಾಗಿಸಿದ್ದು

ಅಮೆರಿಕದ ಒಹಾಯೊದಲ್ಲಿ ಮೂಳೆ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಮಗಳ ಮುರಿದ ಕೈಯ ಪ್ಲಾಸ್ಟರ್ ಬಿಚ್ಚಿಸಲು ಕಾದಿದ್ದ ಡಾರ್ಲೀನ್‌ಳ ಕಿವಿಗೆ, ಪಕ್ಕದಲ್ಲಿದ್ದ ಇಬ್ಬರು ಮಾಜಿ ಸೈನಿಕರ ಮಾತು ಬಿತ್ತು.

"ಸಾರ್ಜೆಂಟ್, ಸರ್ಕಾರದ ಡಾಕ್ಟ್ರು ಹೇಗಿದ್ದೀರಿ ಅಂದಾಗ ಏನಂದ್ರಿ?" ಅವರಲ್ಲೊಬ್ಬನಾದ ಓಟಿಸ್ ಕೇಳಿದ.

"ಚೆನ್ನಾಗಿದ್ದೀನಿ ಅಂದೆ."

"ಚೆನ್ನಾಗಿರೋರಿಗೆ ಅಂಗವಿಕಲರ ಪಿಂಚಣಿ ಯಾಕೆ ಅಂತ ಅರ್ಜಿ ತಳ್ಳಿಹಾಕಿದ್ರು."

"ನನ್ನ ಪಡೆಯ ಹುಡುಗರ ಮುಂದೆ ನಾನು ಯಾವತ್ತೂ ನರಳಿದೋನಲ್ಲ ಕಣೋ."

"ಹುಡುಗರೆಲ್ಲ ತಾತಂದಿರಾದ್ರು. ಇವತ್ತು ನರಳಿ. ಸೇನೇಲಿ ಪ್ಯಾರಾಚೂಟಲ್ಲಿ ಹಾರಿ ಹಾರಿಯೇ ಬೆನ್ನು ಹೋಯ್ತು ಅಂತ ಈ ಡಾಕ್ಟ್ರು ಬರೆದುಕೊಟ್ರೆ ಮಾತ್ರ ಮೇಲ್ಮನವಿ ಗೆಲ್ಲೋದು."

"ನಾಟಕ ಆಡು ಅಂತೀಯಾ?"

"ಇಷ್ಟು ದಿನ ಆಡಿದ್ದೇ ನಾಟಕ."

ನರ್ಸ್ ಸಾರ್ಜೆಂಟನ ಹೆಸರು ಕೂಗಿದಳು. ಸಾರ್ಜೆಂಟ್ ಹಲ್ಲು ಕಚ್ಚಿ ಎದ್ದು, ಕವಾಯತಿಗೆ ನಿಂತವನಂತೆ ಸೆಟೆದು ನಿಂತ. ಓಟಿಸ್ ಎದ್ದು ಅವನ ಪಕ್ಕಕ್ಕೆ ಬಂದ. ಆ ಬೆನ್ನು ಮೆಲ್ಲಗೆ ಬಾಗಿತು.

"ಭುಜ ಕೊಡೋ," ಎಂದ ಸಾರ್ಜೆಂಟ್.

ಇಬ್ಬರೂ ಒಳಗೆ ಹೋದರು.