ಬಂದೂಕಿಗೆ ಕಣ್ಣಿನ ಪರೀಕ್ಷೆ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದ ತಾಯಿಗೆ ಪಕ್ಕದ ಅಪ್ಪ-ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಬಂದೂಕಿನ ಲೈಸೆನ್ಸ್ ಮುಂದುವರಿಸಲು ಅಪ್ಪನ ದೃಷ್ಟಿ ಸಾಲದೆಂದು ಡಾಕ್ಟರು ಆಗಷ್ಟೇ ಹೇಳಿ ಕಳಿಸಿದ್ದರು.

“ಸದ್ಯ, ಬದುಕಿದೆ,” ಎಂದಳು ಮಗಳು.

“ಏನೇ ಹಾಗಂದ್ರೆ? ಮನೆ ಕಾಯೋಕೆ ಒಂದು ಬಂದೂಕು ಬೇಡ್ವಾ? ಇಷ್ಟು ವರ್ಷ ಒಂದು ಗುಬ್ಬಿಗಾದ್ರೂ ಗಾಯ ಮಾಡಿದೀನಾ?”

“ಇಟ್ಕೊಳ್ಳೋರು ಇಟ್ಕೊಳ್ಲಿ, ಕಣ್ಣು ಸರಿಯಾಗಿ ಕಾಣೋ ತನಕ. ಮೊನ್ನೆ ಮುಸ್ಸಂಜೇಲಿ ಒಣಗಿದ ಬಟ್ಟೆ ತೆಗೀತಿದ್ದ ನನ್ನನ್ನೇ ಕಳ್ಳ ಅಂತ ಗುರಿ ಇಟ್ರಲ್ಲಪ್ಪಾ!”

“ಯಾರದು ಅಂತ ಕೂಗಿದೆನಲ್ಲೇ!”

“ನಾನು ಓಗೊಟ್ಟೆ, ಸರಿ. ಬಾಯಲ್ಲಿ ಬಟ್ಟೆ ಕ್ಲಿಪ್ಪು ಕಚ್ಕೊಂಡಿದ್ದಿದ್ರೆ?”

ತಾಯಿ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಅಪ್ಪ ಕನ್ನಡಕ ಒರೆಸಿದರು. “ಮರುದಿನವೇ ಗುಂಡೆಲ್ಲ ಬಂದೂಕಿನ ಅಂಗಡಿಯವನಿಗೆ ವಾಪಸ್ ಕೊಟ್ಟೆ ಕಣಮ್ಮಾ. ನನ್ನ ಎದೆ ಇನ್ನೂ ಹೊಡ್ಕೋತಿದೆ.”

“ಮತ್ತೆ ಪರೀಕ್ಷೆಗೆ ಯಾಕೆ ಬಂದ್ರಿ?”

“ನಾನಾಗಿ ಬಿಟ್ರೆ ನಿನ್ನ ಚಿಕ್ಕಪ್ಪ ಪುಕ್ಕಲ ಅಂತ ಆಡ್ಕೋತಾನೆ. ಡಾಕ್ಟರೇ ಬೇಡ ಅಂದ್ರೆ ಅವನೇನು ಅಂತಾನೆ?”

ಮಗಳು ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. “ಏಳಿ, ಬಂದೂಕನ್ನೂ ಇವತ್ತೇ ಸ್ಟೇಷನ್ನಿಗೆ ಒಪ್ಪಿಸಿಬಿಡೋಣ.”

ಬಾಗಿಲ ಬಳಿ ಅವಳು, “ಮೆಟ್ಟಿಲಿದೆ, ನೋಡ್ಕೊಂಡು,” ಎಂದಳು.

“ಕಾಣುತ್ತೆ ಬಿಡೇ,” ಎನ್ನುತ್ತಲೇ ಅಪ್ಪ ಅವಳ ಕೈ ಹಿಡಿದುಕೊಂಡು ಇಳಿದರು.